ವೈಫೈ ಪುಟದಲ್ಲಿ ಇಮೇಲ್ ಪಾಸ್‌ವರ್ಡ್ ಹಾಕಿಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ಕೆಲಸದ ಮೇಲೆ ತಿಂಗಳಿಗೆ ಎರಡು ಮೂರು ಸಲ ಪ್ರಯಾಣ ಮಾಡುತ್ತೇನೆ. ವಿಮಾನ ನಿಲ್ದಾಣ, ಹೋಟೆಲ್, ಲೈಬ್ರರಿ, ಎಲ್ಲಿ ಸಿಕ್ಕರೆ ಅಲ್ಲಿ ಉಚಿತ ವೈಫೈ ಬಳಸುತ್ತೇನೆ. ಹೋದ ವಾರ ಒಂದು ಕಡೆ ವೈಫೈಗೆ ಸೇರಿದ ಕೂಡಲೇ ಒಂದು ಪುಟ ತೆರೆದುಕೊಂಡು ಇಮೇಲ್ ವಿಳಾಸ, ಪಾಸ್‌ವರ್ಡ್ ಎರಡನ್ನೂ ಕೇಳಿತು. ಆತುರದಲ್ಲಿ ಹಾಕಿಬಿಟ್ಟೆ. ಆಮೇಲೆ ಇಂಟರ್ನೆಟ್ ಬರಲೇ ಇಲ್ಲ. ನನ್ನ ಫೋಟೋಗಳು, ಗುರುತಿನ ಚೀಟಿಗಳ ಸ್ಕ್ಯಾನ್, ಕೆಲಸದ ಫೈಲ್‌ಗಳು ಎಲ್ಲವೂ ಅದೇ ಇಮೇಲ್ ಖಾತೆಯ ಕ್ಲೌಡ್‌ನಲ್ಲಿವೆ. ಒಬ್ಬ ಗೆಳೆಯ ಪಬ್ಲಿಕ್ ವೈಫೈ ಮುಟ್ಟಲೇಬೇಡ ಅನ್ನುತ್ತಾನೆ. ಇನ್ನೊಬ್ಬ ವಿಪಿಎನ್ ಹಾಕಿಕೋ, ಏನೂ ಆಗಲ್ಲ ಅನ್ನುತ್ತಾನೆ. ಯಾರ ಮಾತು ಸರಿ? ಕ್ಲೌಡ್‌ನಲ್ಲಿ ಇಂಥ ದಾಖಲೆ ಇಡಬಹುದಾ?

ಉತ್ತರ: ಯಾರು ಸರಿ ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಆ ಪಾಸ್‌ವರ್ಡ್ ಬದಲಾಯಿಸಿ. ಇದನ್ನು ಓದಿ ಮುಗಿಸುವವರೆಗೂ ಕಾಯಬೇಡಿ.

ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಹಾಕಿಕೊಳ್ಳಿ. ಇಮೇಲ್ ಸೇವೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಯಾರೋ ಕಳಿಸಿದ ಲಿಂಕ್ ಬೇಡ. ಹೊಸ ಪಾಸ್‌ವರ್ಡ್ ಇಡಿ. ಆಮೇಲೆ ಖಾತೆಯ ಭದ್ರತೆ ಪುಟದಲ್ಲಿ ಯಾವ ಯಾವ ಸಾಧನಗಳಲ್ಲಿ ನಿಮ್ಮ ಖಾತೆ ತೆರೆದಿದೆ ಅನ್ನೋ ಪಟ್ಟಿ ಇರುತ್ತದೆ. ಅಲ್ಲಿ ನಿಮ್ಮ ಕೈಯಲ್ಲಿರುವ ಫೋನ್ ಬಿಟ್ಟು ಉಳಿದೆಲ್ಲವನ್ನೂ ಸೈನ್ ಔಟ್ ಮಾಡಿ. ಆದರೆ ಅದಕ್ಕೂ ಮೊದಲು ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ಬೇಕಾಗಬಹುದು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಎರಡು ಕಡೆ ನೋಡಬೇಕು. ಒಂದು, ಇಮೇಲ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್. ಒಳಗೆ ನುಗ್ಗಿದವರು ನಿಮಗೆ ಬರುವ ಮೇಲ್‌ನ ಒಂದೊಂದು ಪ್ರತಿ ತಮಗೂ ಬರುವ ಹಾಗೆ ಅಲ್ಲಿ ಒಂದು ಸಾಲು ಸೇರಿಸಿ ಹೋಗಿರುತ್ತಾರೆ. ನೀವು ಪಾಸ್‌ವರ್ಡ್ ಬದಲಿಸಿದರೂ ಆ ಸಾಲು ಅಲ್ಲೇ ಇರುತ್ತದೆ, ಮೇಲ್ ಹೋಗುತ್ತಲೇ ಇರುತ್ತದೆ. ಇನ್ನೊಂದು, ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಮತ್ತು ಬದಲಿ ಇಮೇಲ್. ಅಲ್ಲಿ ನಿಮ್ಮದಲ್ಲದ್ದು ಸೇರಿದ್ದರೆ ತೆಗೆದುಹಾಕಿ. ನಿಮ್ಮದೇ ಹಳೇ ನಂಬರ್ ಇದ್ದರೂ ತೆಗೆಯಿರಿ. ಬಿಟ್ಟುಕೊಟ್ಟ ನಂಬರ್ ಕೆಲವು ಕಾಲದ ನಂತರ ಇನ್ಯಾರಿಗೋ ಹೋಗುತ್ತದೆ.

ಅದೇ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಇಟ್ಟಿದ್ದೀರಾ? ಇಟ್ಟಿದ್ದರೆ ಅಲ್ಲೂ ಇವತ್ತೇ ಬದಲಿಸಿ. ಕೆಲಸದ ಫೈಲ್‌ಗಳೂ ಆ ಖಾತೆಯಲ್ಲಿ ಇರುವುದರಿಂದ ಆಫೀಸಿನ ಐಟಿ ವಿಭಾಗಕ್ಕೂ ಹೇಳಿಬಿಡಿ. ಮುಜುಗರ ಪಡುವಂಥದ್ದು ಏನೂ ಇಲ್ಲ. ಬೇಗ ಗೊತ್ತಾದಷ್ಟೂ ಅವರಿಗೆ ಕೆಲಸ ಸುಲಭ.

ಆಯ್ತಾ? ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ.

ಪಬ್ಲಿಕ್ ವೈಫೈ ಮುಟ್ಟಲೇಬೇಡ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ನೂರಕ್ಕೆ ನೂರು ನಿಜವಾಗಿತ್ತು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎನ್ನುವವರು ಫೈರ್‌ಶೀಪ್ ಅನ್ನೋ ಪುಟ್ಟ ಆಡ್‌ಆನ್ ಬಿಡುಗಡೆ ಮಾಡಿದರು. ಅದನ್ನು ಫೈರ್‌ಫಾಕ್ಸ್ ಬ್ರೌಸರ್‌ಗೆ ಹಾಕಿಕೊಂಡು ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತರೆ ಸಾಕು. ಪಕ್ಕದ ಪಟ್ಟಿಯಲ್ಲಿ ಅದೇ ವೈಫೈ ಬಳಸುತ್ತಿರುವವರ ಹೆಸರು, ಫೋಟೋ ಒಂದೊಂದಾಗಿ ಮೂಡುತ್ತಿತ್ತು. ಒಂದು ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅವರ ಫೇಸ್‌ಬುಕ್ ಖಾತೆ ನಿಮ್ಮ ಪರದೆಯಲ್ಲಿ ತೆರೆಯುತ್ತಿತ್ತು. ಪಾಸ್‌ವರ್ಡ್ ಬೇಕಾಗಿಯೇ ಇರಲಿಲ್ಲ.

ಹೇಗೆ ಅಂದರೆ, ಆಗ ಬಹಳಷ್ಟು ತಾಣಗಳು ಲಾಗಿನ್ ಪುಟವನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತಿದ್ದವು, ಅಂದರೆ ನಡುವೆ ಯಾರೂ ಓದಲಾಗದ ಗುಪ್ತ ರೂಪಕ್ಕೆ ಬದಲಿಸುತ್ತಿದ್ದವು. ಲಾಗಿನ್ ಆದಮೇಲೆ ನಿಮ್ಮ ಬ್ರೌಸರ್‌ಗೆ ಕುಕಿ ಅನ್ನೋ ಒಂದು ಟೋಕನ್ ಕೊಡುತ್ತಿದ್ದವು. ಆಮೇಲೆ ಪ್ರತಿ ಪುಟಕ್ಕೂ ಆ ಟೋಕನ್ ತೋರಿಸಿದರೆ ಸಾಕು, ಒಳಗೆ ಬಿಡುತ್ತಿದ್ದವು. ಆ ಟೋಕನ್ ಮಾತ್ರ ಗಾಳಿಯಲ್ಲಿ ಬೆತ್ತಲೆಯಾಗಿ ಓಡಾಡುತ್ತಿತ್ತು. ಹಿಡಿದವರ ಕೈಗೆ ಖಾತೆ.

ಫೈರ್‌ಶೀಪ್ ಮಾಡಿದ ಗಲಾಟೆಯಿಂದ ಒಳ್ಳೆಯದೇ ಆಯಿತು. ಜಿಮೇಲ್ ಅದಕ್ಕೂ ಮೊದಲೇ, ಅದೇ ವರ್ಷದ ಜನವರಿಯಲ್ಲಿ, ಎಲ್ಲರಿಗೂ ಎಚ್‌ಟಿಟಿಪಿಎಸ್, ಅಂದರೆ ಪ್ರತಿ ಪುಟವನ್ನೂ ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ, ತಂದಿತ್ತು. ಫೇಸ್‌ಬುಕ್ 2013ರ ಹೊತ್ತಿಗೆ ಅದೇ ದಾರಿ ಹಿಡಿಯಿತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು (ಈ ವಿಳಾಸದ ಅಸಲಿ ತಾಣ ಇದೇ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತು) ಎಲ್ಲರಿಗೂ ಉಚಿತವಾಗಿ ಕೊಡಲು ಶುರು ಮಾಡಿತು. ಚಿಕ್ಕ ಚಿಕ್ಕ ತಾಣಗಳೂ ಬದಲಾದವು.

ಈಗ ಏನು ಕಾಣುತ್ತದೆ ಅಂತ ಊಹೆ ಮಾಡುವುದಕ್ಕಿಂತ ನೋಡಿಯೇ ಬಿಡಬಹುದು. ನನ್ನ ಸ್ವಂತ ವೈಫೈಗೆ ನನ್ನದೇ ಫೋನ್ ಸೇರಿಸಿ, ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್ ಹಾಕಿ, ಫೋನಿನಿಂದ ಹೋಗಿಬರುವ ಎಲ್ಲವನ್ನೂ ನೋಡಿದ್ದೇನೆ. ಬ್ಯಾಂಕಿನ ಆ್ಯಪ್ ತೆರೆದರೆ ಮೊದಲು ಬ್ಯಾಂಕಿನ ತಾಣದ ಹೆಸರು ಹುಡುಕುವ ಒಂದು ಸಾಲು ಬರುತ್ತದೆ. ಆಮೇಲೆ ಸಂಪರ್ಕ ಶುರುವಾಗುವ ಸಾಲಿನಲ್ಲಿ ಅದೇ ಹೆಸರು ಇನ್ನೊಮ್ಮೆ. ಅಲ್ಲಿಂದಾಚೆಗೆ ‘ಅಪ್ಲಿಕೇಷನ್ ಡೇಟಾ’, ‘ಅಪ್ಲಿಕೇಷನ್ ಡೇಟಾ’ ಅಂತ ಸಾಲು ಸಾಲು. ಒಂದರ ಮೇಲೆ ಕ್ಲಿಕ್ ಮಾಡಿದರೆ ತಲೆಬುಡವಿಲ್ಲದ ಅಂಕಿ ಅಕ್ಷರಗಳು. ಪಾಸ್‌ವರ್ಡ್ ಇಲ್ಲ, ಖಾತೆಯಲ್ಲಿರುವ ಹಣದ ಲೆಕ್ಕ ಇಲ್ಲ, ಏನೂ ಇಲ್ಲ. ನಾನು ಯಾವ ಬ್ಯಾಂಕಿನ ಜೊತೆ ಮಾತಾಡಿದೆ ಅನ್ನೋದು ಗೊತ್ತಾಗುತ್ತದೆ, ಏನು ಮಾತಾಡಿದೆ ಅನ್ನೋದು ಗೊತ್ತಾಗುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ಗೆಳೆಯನ ಭಯ ಇವತ್ತಿನ ಮಟ್ಟಿಗೆ ಜಾಸ್ತಿಯಾಯಿತು. ಅಪ್‌ಡೇಟ್ ಆಗಿರುವ ಫೋನು, ಅಪ್‌ಡೇಟ್ ಆಗಿರುವ ಬ್ರೌಸರ್ ಇದ್ದರೆ ಗಾಳಿಯಲ್ಲಿ ಹೋಗುವುದನ್ನು ಪಕ್ಕದವರು ಕದ್ದು ಓದುವುದು ಈಗ ಸುಲಭವಲ್ಲ.

ಸುಲಭವಾಗಿರುವುದು ನಿಮಗೆ ಆದದ್ದು. ಕದಿಯುವ ಕಷ್ಟ ಯಾಕೆ, ಕೇಳಿದರೆ ಜನರೇ ಕೊಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಒಬ್ಬ ವ್ಯಕ್ತಿಯ ಮೇಲೆ ಇಂಥದ್ದೇ ಪ್ರಕರಣ ದಾಖಲಿಸಿದರು. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ, ಹಾರುವ ವಿಮಾನದ ಒಳಗೂ ನಕಲಿ ವೈಫೈ ಹಾಕಿದ್ದ ಅನ್ನೋದು ಆರೋಪವಾಗಿತ್ತು. ವಿಮಾನದಲ್ಲಿ ಅನುಮಾನದ ವೈಫೈ ಕಂಡು ಸಿಬ್ಬಂದಿ ದೂರು ಕೊಟ್ಟಿದ್ದರಿಂದ ಸಿಕ್ಕಿಬಿದ್ದ. ಅಸಲಿ ವೈಫೈನ ಹೆಸರನ್ನೇ ಇಟ್ಟುಕೊಂಡಿದ್ದ. ಸೇರಿದವರಿಗೆ ಒಂದು ಪುಟ ತೋರಿಸುತ್ತಿತ್ತು: ಇಮೇಲ್ ಅಥವಾ ಸಾಮಾಜಿಕ ಜಾಲತಾಣದ ಖಾತೆಯಿಂದ ಲಾಗಿನ್ ಆಗಿ. ಗಮನಿಸಿ, ಅಷ್ಟೆಲ್ಲ ಸಾಹಸ ಮಾಡಿದವನೂ ಎನ್‌ಕ್ರಿಪ್ಷನ್ ಒಡೆಯುವ ಗೋಜಿಗೆ ಹೋಗಿಲ್ಲ. ಪಾಸ್‌ವರ್ಡ್ ಕೇಳಿದ, ಅಷ್ಟೇ.

ಆದ್ದರಿಂದ ವೈಫೈಗೆ ಸೇರುವಾಗ ಬರುವ ಪುಟದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲೇಬೇಕು. ಆ ಪುಟ ಬರುವುದೇ ತಪ್ಪಲ್ಲ. ಅಸಲಿ ವೈಫೈಗಳೂ ಷರತ್ತು ಒಪ್ಪಿಸಿಕೊಳ್ಳಲು, ರೂಮ್ ನಂಬರ್ ಕೇಳಲು, ಫೋನಿಗೆ ಒಟಿಪಿ ಕಳಿಸಲು ಅದನ್ನು ಬಳಸುತ್ತವೆ. ಆದರೆ ಇಂಟರ್ನೆಟ್ ಕೊಡುವವರಿಗೆ ನಿಮ್ಮ ಇಮೇಲ್‌ನ ಪಾಸ್‌ವರ್ಡ್ ಯಾಕೆ ಬೇಕು? ಯಾವ ಕಾರಣಕ್ಕೂ ಬೇಡ. ಕೇಳಿದ ಕ್ಷಣವೇ ವೈಫೈ ಬಿಟ್ಟು ಹೊರಗೆ ಬನ್ನಿ. ಆ್ಯಪ್ ಹಾಕಿಕೊಳ್ಳಿ ಅಂದರೂ, ಪ್ರಮಾಣಪತ್ರ ಇನ್‌ಸ್ಟಾಲ್ ಮಾಡಿ ಅಂದರೂ ಇದೇ ಮಾತು. ಪ್ರಮಾಣಪತ್ರ ಹಾಕಿಸುವುದಂತೂ ಬಹಳ ಅಪಾಯ. ಒಮ್ಮೆ ಹಾಕಿದರೆ ನಾನು ಮೇಲೆ ಹೇಳಿದ ಆ ರಕ್ಷಣೆಯೆಲ್ಲ ಅವರ ಮುಂದೆ ನಿಲ್ಲದೇ ಹೋಗಬಹುದು.

ಇನ್ನೊಂದು ಕಡೆ ಜನ ಎಡವುತ್ತಾರೆ. ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅಂತ ಬ್ರೌಸರ್ ಇಡೀ ಪುಟದ ಎಚ್ಚರಿಕೆ ತೋರಿಸುತ್ತದಲ್ಲ, ಅದು. ಅದರ ಕೆಳಗೆ ‘ಆದರೂ ಮುಂದುವರಿಯಿರಿ’ ಅನ್ನೋ ಅರ್ಥದ ಸಣ್ಣ ಲಿಂಕ್ ಇರುತ್ತದೆ. ಪಬ್ಲಿಕ್ ವೈಫೈನಲ್ಲಿ ಅದನ್ನು ಒತ್ತಲೇಬೇಡಿ. ನಡುವೆ ಯಾರೋ ನಿಂತು ನಾನೇ ನಿಮ್ಮ ಬ್ಯಾಂಕು ಅನ್ನುತ್ತಿದ್ದಾರೆ ಅಂತ ಬ್ರೌಸರ್‌ಗೆ ತಿಳಿಯುವುದು ಹೀಗೆಯೇ. ಎಷ್ಟೋ ಸಲ ಕಾರಣ ಸಣ್ಣದಿರುತ್ತದೆ, ಆ ವೈಫೈನ ಸ್ವಾಗತ ಪುಟದಲ್ಲಿ ನೀವಿನ್ನೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಆಗ ಎಚ್ಚರಿಕೆ ದಾಟುವ ಬದಲು ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅನ್ನೋ ತಾಣಕ್ಕೆ ಹೋಗಿ. ಅದನ್ನು ಬೇಕೆಂದೇ ಎನ್‌ಕ್ರಿಪ್ಷನ್ ಇಲ್ಲದೆ ಇಟ್ಟಿದ್ದಾರೆ, ಸ್ವಾಗತ ಪುಟ ತಾನಾಗಿ ತೆರೆದುಕೊಳ್ಳಲಿ ಅಂತ.

ಅಡ್ರೆಸ್ ಬಾರ್‌ನ ಬೀಗದ ಚಿತ್ರವನ್ನೂ ಜಾಸ್ತಿ ನಂಬಬೇಡಿ. ಸಂಪರ್ಕ ಎನ್‌ಕ್ರಿಪ್ಟ್ ಆಗಿದೆ ಅನ್ನೋದಷ್ಟೇ ಅದರ ಅರ್ಥ. ಆ ಕಡೆ ಇರುವವರು ಒಳ್ಳೆಯವರು ಅಂತಲ್ಲ. ಮೋಸದ ತಾಣಕ್ಕೂ ಬೀಗ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಚಿತ್ರ ತೆಗೆದುಹಾಕಿತು. ಬೀಗ ನೋಡುವ ಕಣ್ಣಿನಲ್ಲಿ ತಾಣದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ.

ಫೋನಿನ ಸೆಟ್ಟಿಂಗ್ ವಿಚಾರದಲ್ಲಿ ಒಂದು ಮುಖ್ಯ. ಪಾಸ್‌ವರ್ಡ್ ಇಲ್ಲದ ವೈಫೈಯನ್ನು ಫೋನ್ ನೆನಪಿಟ್ಟುಕೊಳ್ಳುವುದು ಬರೀ ಹೆಸರಿನಿಂದ. ಅದೇ ಹೆಸರು ಇನ್ಯಾರೋ ಇಟ್ಟರೂ ನಿಮ್ಮನ್ನು ಕೇಳದೆ ಹೋಗಿ ಸೇರಿಕೊಳ್ಳುತ್ತದೆ. ಹೋಟೆಲ್ ಬಿಡುವಾಗ ಆ ವೈಫೈಯನ್ನು ‘ಫರ್ಗೆಟ್’ ಮಾಡಿ, ಇಲ್ಲವೇ ತಾನಾಗಿ ಸೇರುವ ಆಯ್ಕೆ ಆಫ್ ಮಾಡಿ. ವಿಂಡೋಸ್ ಲ್ಯಾಪ್‌ಟಾಪ್ ಇದು ಪಬ್ಲಿಕ್ ನೆಟ್‌ವರ್ಕಾ, ಪ್ರೈವೇಟ್ ನೆಟ್‌ವರ್ಕಾ ಅಂತ ಕೇಳಿದರೆ ಹೊರಗಿದ್ದಾಗ ಪಬ್ಲಿಕ್ ಅನ್ನಿ. ಪ್ರೈವೇಟ್ ಅಂದರೆ ಭದ್ರ ಅಂದುಕೊಂಡು ಬಹಳ ಜನ ಅದನ್ನೇ ಒತ್ತುತ್ತಾರೆ, ಆದರೆ ಲೆಕ್ಕ ಉಲ್ಟಾ. ಪಬ್ಲಿಕ್ ಅಂದಾಗಲೇ ಅದು ನಿಮ್ಮ ಲ್ಯಾಪ್‌ಟಾಪನ್ನು ಬೇರೆಯವರ ಕಣ್ಣಿನಿಂದ ಮರೆಮಾಡುತ್ತದೆ.

ಇನ್ನು ವಿಪಿಎನ್. ಅದು ನಿಮ್ಮಿಂದ ವಿಪಿಎನ್ ಕಂಪನಿಯವರೆಗೆ ಒಂದು ಮುಚ್ಚಿದ ಕೊಳವೆ ಹಾಕುತ್ತದೆ. ವೈಫೈ ಇಟ್ಟವರಿಗೆ ತಾಣಗಳ ಹೆಸರೂ ಕಾಣುವುದಿಲ್ಲ, ನಿಜ. ಆದರೆ ಆ ಹೆಸರುಗಳೆಲ್ಲ ಈಗ ವಿಪಿಎನ್ ಕಂಪನಿಗೆ ಕಾಣುತ್ತವೆ. ಅವರನ್ನು ನಂಬಬಹುದಾ ಅನ್ನೋದೇ ಪ್ರಶ್ನೆ. ಒನಾವೊ ಪ್ರೊಟೆಕ್ಟ್ ಅಂತ ಒಂದು ಉಚಿತ ವಿಪಿಎನ್ ಇತ್ತು. ನಿಮ್ಮ ಮಾಹಿತಿ ಕಾಪಾಡುತ್ತೇವೆ ಅನ್ನುತ್ತಿತ್ತು. ಅದರ ಒಡೆತನ ಫೇಸ್‌ಬುಕ್‌ನದು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅನ್ನೋ ಮಾಹಿತಿಯನ್ನು ಅದರಿಂದಲೇ ಸಂಗ್ರಹಿಸುತ್ತಿದ್ದರು. 2018ರಲ್ಲಿ ಆ್ಯಪಲ್ ಒತ್ತಡ ಹಾಕಿದ ಮೇಲೆ ಅದು ಆ್ಯಪ್ ಸ್ಟೋರ್‌ನಿಂದ ಹೊರಗೆ ಹೋಯಿತು, 2019ರಲ್ಲಿ ಮುಚ್ಚಿತು. ಆಫೀಸಿನವರು ಕೊಟ್ಟ ವಿಪಿಎನ್ ಇದ್ದರೆ ಕೆಲಸಕ್ಕೆ ಧಾರಾಳವಾಗಿ ಬಳಸಿ. ನಂಬಿಕೆಯ ಕಂಪನಿಗೆ ದುಡ್ಡು ಕೊಟ್ಟು ಬಳಸಿದರೂ ತಪ್ಪಿಲ್ಲ. ಆದರೆ ಹೋದ ವಾರ ನಿಮ್ಮ ಫೋನಿನಲ್ಲಿ ಎಂಥ ಒಳ್ಳೆಯ ವಿಪಿಎನ್ ಇದ್ದಿದ್ದರೂ ಆ ಪುಟದಿಂದ ನಿಮ್ಮನ್ನು ಉಳಿಸುತ್ತಿರಲಿಲ್ಲ. ಪಾಸ್‌ವರ್ಡ್ ಟೈಪ್ ಮಾಡಿದ್ದು ನೀವೇ ಅಲ್ವಾ?

ಅದಕ್ಕೇ ಹೇಳುವುದು, ವೈಫೈಗಿಂತ ಖಾತೆಯ ಬಾಗಿಲಿಗೆ ಜಾಸ್ತಿ ಗಮನ ಕೊಡಿ. ಕ್ಲೌಡ್ ವಿಚಾರದಲ್ಲೂ ಇದೇ ಕಥೆ. 2014ರಲ್ಲಿ ಸಿನಿಮಾ ತಾರೆಯರ ಖಾಸಗಿ ಫೋಟೋಗಳು ಹೊರಗೆ ಬಂದಾಗ ಆ್ಯಪಲ್‌ನ ಕ್ಲೌಡ್ ಸೇವೆಯಾದ ಐಕ್ಲೌಡ್ ಒಡೆದುಹೋಯಿತು ಅಂತ ಎಲ್ಲರೂ ಅಂದುಕೊಂಡರು. ತನಿಖೆಯಲ್ಲಿ ಸಿಕ್ಕಿಬಿದ್ದವರು ಕಂಪನಿಯ ಭದ್ರತಾ ವಿಭಾಗದ ಹೆಸರಿನಲ್ಲಿ ಸುಳ್ಳು ಮೇಲ್ ಕಳಿಸಿ ಪಾಸ್‌ವರ್ಡ್ ಇಸಿದುಕೊಂಡಿದ್ದರು. ಡ್ರಾಪ್‌ಬಾಕ್ಸ್ ಅನ್ನೋ ಇನ್ನೊಂದು ಕ್ಲೌಡ್ ಸೇವೆಯಿಂದ 2012ರಲ್ಲಿ ಮಾಹಿತಿ ಸೋರಿತು. ಅಲ್ಲಿನ ಒಬ್ಬ ಉದ್ಯೋಗಿ ಬೇರೆ ತಾಣದ ಪಾಸ್‌ವರ್ಡನ್ನೇ ಆಫೀಸಿನ ಖಾತೆಗೂ ಇಟ್ಟಿದ್ದರು, ಆ ಪಾಸ್‌ವರ್ಡ್ ಕಳ್ಳರ ಕೈಗೆ ಹೋಗಿತ್ತು. 6.8 ಕೋಟಿಗೂ ಹೆಚ್ಚು ಖಾತೆಗಳ ವಿವರ ಹೋಗಿದೆ ಅನ್ನೋದು ಬೆಳಕಿಗೆ ಬಂದದ್ದು 2016ರಲ್ಲಿ. ಒಂದೇ ಪಾಸ್‌ವರ್ಡ್ ಎರಡು ಕಡೆ ಇಡಬೇಡಿ ಅಂತ ನಾವು ಪದೇ ಪದೇ ಹೇಳುವುದು ಇಂಥದ್ದನ್ನು ನೋಡಿಯೇ. ಇಷ್ಟೊಂದು ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗಲ್ಲ. ಅವನ್ನೆಲ್ಲ ನೆನಪಿಟ್ಟು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದರಿಂದ ಇನ್ನೊಂದು ಲಾಭ ಇದೆ. ನಕಲಿ ತಾಣಕ್ಕೆ ಹೋದರೆ ಅದು ಪಾಸ್‌ವರ್ಡ್ ತುಂಬಲು ಮುಂದೆ ಬರುವುದಿಲ್ಲ. ತುಂಬದಿದ್ದರೆ ಅಲ್ಲೇ ನಿಂತು ವಿಳಾಸ ನೋಡಿ.

ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದಮೇಲೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಇವತ್ತೇ ಹಾಕಿ. ಎಸ್‌ಎಂಎಸ್ ಒಟಿಪಿ ಇಲ್ಲದ್ದಕ್ಕಿಂತ ಎಷ್ಟೋ ಮೇಲು, ಫೋನಿನಲ್ಲೇ ಆರಂಕಿಯ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಮೇಲು. ಆದರೆ ಆ ಆರಂಕಿಯನ್ನೂ ನಕಲಿ ಪುಟ ಕೇಳಿ ಪಡೆಯಬಹುದು. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್ ತೋರಿಸಿ ಲಾಗಿನ್ ಆಗುವ ವಿಧಾನ) ವಿಚಾರದಲ್ಲಿ ಆ ಆಟ ನಡೆಯುವುದಿಲ್ಲ. ಅದು ಅಸಲಿ ತಾಣದ ವಿಳಾಸಕ್ಕೇ ಅಂಟಿಕೊಂಡಿರುತ್ತದೆ. ನೀವು ಮೋಸ ಹೋದರೂ ಅದು ಮೋಸ ಹೋಗುವುದಿಲ್ಲ. ನಿಮ್ಮ ಸೇವೆಯಲ್ಲಿ ಪಾಸ್‌ಕೀ ಇದ್ದರೆ ಅದನ್ನೇ ಆರಿಸಿ. ಜೊತೆಗೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಪ್ರಯಾಣದಲ್ಲಿ ಫೋನ್ ಕಳೆದುಹೋದ ದಿನ ಆ ಕಾಗದವೇ ಗತಿ.

ಹೋಟೆಲ್, ಲೈಬ್ರರಿಗಳ ಕಂಪ್ಯೂಟರ್‌ನಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಬೇಡಿ. ಯಾರು ಏನು ಹಾಕಿ ಹೋಗಿದ್ದಾರೋ ಹೇಳಲಾಗದು.

ಜನ ಮರೆತೇಬಿಡುವ ಒಂದು ಸಂಗತಿ ಇದೆ: ನೀವೇ ತೆರೆದಿಟ್ಟ ಲಿಂಕ್‌ಗಳು. ಒಮ್ಮೆ ಕೂತು ನನ್ನ ಕ್ಲೌಡ್‌ನಲ್ಲಿ ಏನೇನು ಹಂಚಿದ್ದೇನೆ ಅಂತ ನೋಡಿದೆ. ಮೂರು ವರ್ಷದ ಹಿಂದೆ ಒಂದು ಕಾರ್ಯಕ್ರಮಕ್ಕೆ ಮಾಡಿದ ಪಟ್ಟಿ ಸಿಕ್ಕಿತು. ನೂರಾರು ಜನರ ಹೆಸರು, ಫೋನ್ ನಂಬರ್. ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಅಂತ ಇತ್ತು. ಕಾರ್ಯಕ್ರಮ ಮುಗಿದು, ಅದರ ವಾಟ್ಸ್ಆ್ಯಪ್ ಗುಂಪೂ ಮುಚ್ಚಿತ್ತು. ಲಿಂಕ್ ಮಾತ್ರ ಜೀವಂತವಾಗಿತ್ತು. ಆ ಜನ ನನ್ನನ್ನು ನಂಬಿ ನಂಬರ್ ಕೊಟ್ಟಿದ್ದರು. ಅವತ್ತು ನಿಜಕ್ಕೂ ಕಸಿವಿಸಿ ಆಯಿತು. ಅಲ್ಲಿಂದ ಈಚೆಗೆ ಹಂಚುವಾಗ ಇಂಥವರಿಗೆ ಅಂತ ಇಮೇಲ್ ಹಾಕಿಯೇ ಹಂಚುತ್ತೇನೆ. ಲಿಂಕ್ ಕೊಡಲೇಬೇಕಾದರೆ ನೋಡಲು ಮಾತ್ರ ಬಿಟ್ಟು, ಕೆಲಸ ಮುಗಿದ ದಿನ ಮುಚ್ಚುತ್ತೇನೆ. ಲಿಂಕ್ ಉದ್ದವಾಗಿದೆ, ಯಾರೂ ಊಹಿಸಲಾರರು ಅನ್ನೋದು ನಿಜ. ಊಹಿಸುವ ಅಗತ್ಯವೇ ಇಲ್ಲ, ಒಬ್ಬರು ಇನ್ನೊಬ್ಬರಿಗೆ ಕಳಿಸಿದರೆ ಮುಗಿಯಿತು. ನಿಮ್ಮ ಖಾತೆಯಲ್ಲೂ ಹಂಚಿರುವ ಫೈಲ್‌ಗಳ ಪಟ್ಟಿ ತೆಗೆದು ಒಮ್ಮೆ ನೋಡಿ, ಮುಖ್ಯವಾಗಿ ಕೆಲಸದ ಫೈಲ್‌ಗಳನ್ನು.

ಕೊನೆಗೆ ಗುರುತಿನ ಚೀಟಿಗಳು. ಇಡಬಹುದು, ಆದರೆ ಹಾಗೇ ಬಿಡಿಬಿಡಿಯಾಗಿ ಬೇಡ. ಕ್ಲೌಡ್ ಕಂಪನಿಗಳು ನಿಮ್ಮ ಫೈಲನ್ನು ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತವೆ. ಆದರೆ ಸಾಮಾನ್ಯವಾಗಿ ಕೀಲಿ ಇರುವುದು ಅವರ ಹತ್ತಿರ. ನಿಮ್ಮ ಹೆಸರಿನಲ್ಲಿ ಲಾಗಿನ್ ಆದವರಿಗೆ ಅವರೇ ಬೀಗ ತೆಗೆದು ಕೊಡುತ್ತಾರೆ. ಕೀಲಿ ನಿಮ್ಮ ಕೈಯಲ್ಲೇ ಇರಬೇಕಾದರೆ ಕ್ರಿಪ್ಟೊಮೇಟರ್ ಅನ್ನೋ ಮುಕ್ತ ಸಾಫ್ಟ್‌ವೇರ್ ಒಳ್ಳೆಯದು. ಕ್ಲೌಡ್ ಫೋಲ್ಡರ್ ಒಳಗೆ ಅದು ಒಂದು ತಿಜೋರಿ ಮಾಡುತ್ತದೆ. ನೀವು ಅದರ ಪಾಸ್‌ವರ್ಡ್ ಹಾಕಿ ತೆರೆದರೆ ಮಾಮೂಲಿ ಫೋಲ್ಡರ್ ಹಾಗೆಯೇ ಕಾಣುತ್ತದೆ. ಕ್ಲೌಡ್ ಕಡೆಯಿಂದ ನೋಡಿದರೆ ಅರ್ಥವಿಲ್ಲದ ಉದ್ದುದ್ದ ಹೆಸರಿನ ಫೈಲ್‌ಗಳು, ಒಳಗೆ ಏನಿದೆ ಅನ್ನೋದಿರಲಿ, ಫೈಲಿನ ಹೆಸರೂ ತಿಳಿಯುವುದಿಲ್ಲ. ಐಫೋನ್ ಇದ್ದರೆ ಆ್ಯಪಲ್ 2022ರ ಡಿಸೆಂಬರ್‌ನಲ್ಲಿ ತಂದ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆಯ್ಕೆಯಿದೆ, ಅದು ಐಕ್ಲೌಡ್‌ನ ಬಹುಪಾಲು ಫೈಲ್‌ಗಳ ಕೀಲಿಯನ್ನು ನಿಮ್ಮ ಸಾಧನಗಳಲ್ಲೇ ಇಡುತ್ತದೆ. ಅದನ್ನು ನೀವೇ ಆನ್ ಮಾಡಬೇಕು, ಕೆಲವು ದೇಶಗಳಲ್ಲಿ ಸಿಗದೇ ಇರಬಹುದು. ಎರಡರಲ್ಲೂ ಒಂದು ಎಚ್ಚರ: ಕೀಲಿ ಕಳೆದರೆ ಕಂಪನಿಯವರೂ ತೆರೆದುಕೊಡಲಾರರು. ಅದಕ್ಕೇ ಎಲ್ಲಾ ಫೋಟೋಗಳನ್ನೂ ತಿಜೋರಿಗೆ ತುಂಬಿ ಅಂತ ನಾನು ಹೇಳುವುದಿಲ್ಲ. ಗುರುತಿನ ಚೀಟಿ, ಬ್ಯಾಂಕಿನ ಕಾಗದ, ಆರೋಗ್ಯದ ವರದಿ, ಇಷ್ಟು ಒಳಗೆ ಇರಲಿ.

ಮತ್ತೆ, ಕ್ಲೌಡ್‌ನಲ್ಲಿ ಇದೆ ಅಂದಮಾತ್ರಕ್ಕೆ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಸಿಂಕ್ ಅಂದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯಿತು. ನಿಮ್ಮ ಖಾತೆಗೆ ನುಗ್ಗಿದವರು ಸುಮ್ನೆ ನೋಡಿ ಹೋಗುತ್ತಾರೆ ಅಂತಲೂ ಇಲ್ಲ, ಅಳಿಸಿಯೂ ಹೋಗಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾದಾಗ, ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಂಡು ತಿಂಗಳಿಗೊಮ್ಮೆ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ, ಕಂಪ್ಯೂಟರ್‌ನಿಂದ ಬಿಚ್ಚಿ ಬೇರೆ ಇಡಿ. ಕಾಪಿ ಆದಮೇಲೆ ಎರಡು ಮೂರು ಫೈಲ್ ತೆರೆದು ನೋಡಿ, ನಿಜವಾಗಿಯೂ ತೆರೆಯುತ್ತವಾ ಅಂತ.

ಮೊದಲು ಹೇಳಿದ ಸಾಧನಗಳ ಪಟ್ಟಿಯಲ್ಲಿ ನಿಮಗೆ ಗುರುತಿಲ್ಲದ ಫೋನೋ, ನೀವು ಹೋಗದ ಊರೋ ಕಂಡರೆ ಆ ಸ್ಕ್ರೀನ್‌ಶಾಟ್‌ನ ದಿನಾಂಕ, ಸಮಯ ನೋಡಿ ನನಗೆ ಮತ್ತೆ ಬರೆಯಿರಿ. ಗುರುತಿನ ಚೀಟಿಗಳ ಸ್ಕ್ಯಾನ್ ಬೇರೆಯವರ ಕೈಗೆ ಹೋಗಿದ್ದರೆ ಅದಕ್ಕೆ ಮಾಡಬೇಕಾದ ಕೆಲಸವೇ ಬೇರೆ ಇದೆ. ಅದನ್ನು ಆಗ ಒಂದೊಂದಾಗಿ ನೋಡೋಣ.